ಇಲಿಗೆ ಇಟ್ಟ ಮದ್ದು

ರಾಯಚೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಸುಮಂಗಲಾ ಇಲಿಗಳನ್ನು ನೋಡಿಕೊಳ್ಳುತ್ತಾಳೆ. ಬಾಗಲವಾಡದಲ್ಲಿ ಹತ್ತಿ ಬಿಡಿಸುತ್ತಿದ್ದವಳು, ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಬಂದು, ಇಲಿಗಳ ಕೋಣೆಗೆ ಸೇರಿಕೊಂಡಳು. "ಮನ್ಯಾಗ ಇಲಿ ಹೊಡೀತಾಳ, ಅಲ್ಲಿ ಇಲಿಗೆ ಕಾಳು ಹಾಕತಾಳ" ಎಂದು ಓಣಿಯವರು ನಕ್ಕರು. ನಗಲಿ ಬಿಡಿ, ಇವಳ ಒಲೆ ಅವರೇನು ಹೊತ್ತಿಸುತ್ತಾರೆಯೇ?

ಹೋದ ವರ್ಷ ಅಲ್ಲಿನ ವಿಜ್ಞಾನಿ ಪಂಪಾಪತಿ ಸರ್, ಹೆಣ್ಣಿಲಿಗಳ ಎದೆಯ ಚರ್ಮದಡಿ ಅಕ್ಕಿಕಾಳಿಗಿಂತ ಸಣ್ಣ ತುಣುಕೊಂದನ್ನು ಇಟ್ಟು ಹೊಲಿದರು. ಎದೆ ಕ್ಯಾನ್ಸರಿನ ಕೆಲಸ ಎಂದಷ್ಟೇ ಹೇಳಿದರು. ಸುಮಂಗಲಾ ಹೆಚ್ಚು ಕೇಳಲಿಲ್ಲ. ಕೇಳುವುದೇನಿದೆ? ಡಾಕ್ಟರು ಮೈಯೊಳಗೆ ಇಡುವುದು ಮದ್ದಲ್ಲದೆ ಇನ್ನೇನು?

ಬಾಗಲವಾಡದಲ್ಲಿದ್ದ ಅಕ್ಕ ಗೋಪಮ್ಮನ ಎದೆಯಲ್ಲೂ ಕ್ಯಾನ್ಸರಿನ ಗಂಟಿತ್ತು. ಬೇಗ ಆಪರೇಷನ್ ಆಗಬೇಕೆಂದು ಮಾನ್ವಿಯ ಡಾಕ್ಟರು ಹೇಳಿದ್ದರು. ಸುಮಂಗಲಾ ಫೋನು ಮಾಡಿದಳು.

"ಕೊಯ್ಸಿಕೋಬ್ಯಾಡಕ್ಕಾ, ಸ್ವಲ್ಪ ತಾಳು. ನಮ್ಮಲ್ಲಿ ಮದ್ದು ಇಟ್ಟು ನೋಡಾಕತ್ತಾರ."

ಅಂದಿನಿಂದ ಮಂಗಳವಾರಕ್ಕೊಮ್ಮೆ ಇಲಿಕೋಣೆಯ ಹೊಸ್ತಿಲಿಗೆ ಕುಂಕುಮವಿಟ್ಟು, "ಇಟ್ಟದ್ದು ಹತ್ತಲಿ ತಾಯಿ" ಎಂದು ಕೈಮುಗಿಯತೊಡಗಿದಳು.

ಬೇಸಿಗೆಯಲ್ಲಿ ಇಲಿಗಳಿಗೆ ಗಂಟು ಎದ್ದವು. ಅದೂ ತುಣುಕು ಇಟ್ಟ ಜಾಗದಲ್ಲೇ. ಸುಮಂಗಲಾ ಅಳುಮುಖ ಮಾಡಿಕೊಂಡು ಸರ್ ಬಳಿ ಹೋದಳು.

"ಮದ್ದು ಹತ್ತಲಿಲ್ರಿ ಸರ್."

"ಅದು ಮದ್ದಲ್ಲ ಯವ್ವಾ. ಕ್ಯಾನ್ಸರ್ ಎಬ್ಬಿಸೋ ಜೀನನ್ನ ಒಳಗ ಬಿಡೋ ತುಣುಕು. ಮೊದಲು ಇಲಿಗೆ ರೋಗ ಬರಬೇಕು. ಆಮ್ಯಾಲೆ ಅದರ ಮ್ಯಾಲೆ ಔಷಧ ಹಾಕಿ ನೋಡಬೇಕು."

"ಬೇಕಂತನ ರೋಗ ಹಚ್ಚೀರಿ?"

"ಹೂನ ಯವ್ವಾ. ಇಲ್ದಿದ್ರ ಔಷಧ ಹ್ಯಾಂಗ ಹುಡುಕೋದು?"

"ಔಷಧ ಯಾವಾಗ ಬರತದ್ರಿ?"

"ಬರತದೋ ಇಲ್ಲೋ. ಬಂದ್ರೂ ವರ್ಷಗಟ್ಟಲೆ ಬೇಕು."

ಅಯ್ಯೋ ಶಿವನೇ, ಇಷ್ಟು ದಿನ ತಾನು ಬೇಡಿದ್ದು ಏನನ್ನು? ಅಕ್ಕನನ್ನು ತಡೆದದ್ದು ಯಾವ ಮದ್ದಿಗಾಗಿ? ಸುಮಂಗಲಾ ರಜೆಯನ್ನೂ ಕೇಳಲಿಲ್ಲ. ಹಾಗೇ ಹೊರಬಿದ್ದು ಮಾನ್ವಿ ಬಸ್ಸು ಹತ್ತಿದಳು.

ಬಾಗಲವಾಡದ ಮನೆಯಂಗಳದಲ್ಲಿ ಗೋಪಮ್ಮ ಜೋಳ ಹಸನು ಮಾಡುತ್ತಿದ್ದಳು. ಗಂಟು ಈಗ ಸೆರಗಿನ ಮೇಲೂ ಕಾಣುತ್ತಿತ್ತು. ಸುಮಂಗಲಾ ಅವಳ ಕಾಲು ಹಿಡಿದುಕೊಂಡಳು.

"ಮದ್ದಿಲ್ಲಕ್ಕಾ. ನಾನ ತಪ್ಪು ತಿಳಕೊಂಡೆ. ನಾಳೆನ ಆಪರೇಷನ್‌ಗೆ ಹೋಗೂಣು ನಡಿ."

ಗೋಪಮ್ಮ ಮೊರ ಕೆಳಗಿಟ್ಟಳು.

"ನಾ ಬರ್ತೀನಿ. ಆದ್ರ ದೇವದುರ್ಗದಾಗ ನಮ್ಮ ಮೈದುನನ ಹೆಂಡ್ತಿಗೂ ಗಂಟು ಆಗಿತ್ತು. ಆಕೀಗೂ ತಾಳು ಅಂದೆ. ಆಪರೇಷನ್‌ಗಂತ ದವಾಖಾನಿ ಸೇರಿದಾಕಿ, ನಿನ್ನ ಮಾತು ನಂಬಿ ಎದ್ದು ಮನಿಗೆ ಬಂದಾಳ."

ಸುಮಂಗಲಾ ದೇವದುರ್ಗಕ್ಕೆ ಫೋನು ಹಚ್ಚಿದಳು. ಇವಳು ಬಾಯಿ ತೆರೆಯುವ ಮೊದಲೇ ಅತ್ತಲಿಂದ ದನಿ ಬಂತು.

"ಯಕ್ಕಾ, ಮದ್ದು ಬಂತೇನು?"