ಚಿಕ್ಕಿ ಇದ್ದ ರೂಪಾಯಿ

ಮದುವೆಮನೆಯಲ್ಲಿ ಆಯಾರ ಬರೆದುಕೊಳ್ಳುವ ಕೆಲಸವನ್ನು ನಾನು ಕೇಳಿ ಪಡೆಯುತ್ತಿದ್ದೆ. ಬಂದವರು ಕೊಡುವ ಉಡುಗೊರೆಯ ಹಣ ತೆಗೆದುಕೊಂಡು, ಹೆಸರು ಬರೆದು, ಬೆವರು ಒರೆಸಿಕೊಳ್ಳುವ ಈ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರುವುದಿಲ್ಲ. ಹಾಗಾಗಿ ಆಳಂದದ ಸುತ್ತ ಹತ್ತು ಹಳ್ಳಿಗಳಲ್ಲಿ ಮಾಸ್ತರು ಪರೋಪಕಾರಿ ಎಂಬ ಹೆಸರು ನನಗಿತ್ತು. ಈಗ ನಿಜ ಹೇಳಿಬಿಡುತ್ತೇನೆ. ಜನ ಐವತ್ತೊಂದು ಕೊಟ್ಟರೆ ನನ್ನ ಕಣ್ಣು ಐವತ್ತರ ಮೇಲಲ್ಲ, ಮೇಲಿನ ಒಂದರ ಮೇಲೆ.

ಎಂಬತ್ತರ ದಶಕದ ಮಾತು. ನಾಣ್ಯದ ಇಸವಿಯ ಕೆಳಗೆ ಎಳ್ಳುಕಾಳಿನಷ್ಟು ಗುರುತಿರುತ್ತದೆ. ಹೈದರಾಬಾದಿನ ಟಂಕಸಾಲೆಯದಾದರೆ ನಕ್ಷತ್ರ, ನಮ್ಮ ಮಾತಿನಲ್ಲಿ ಚಿಕ್ಕಿ; ಕಲ್ಕತ್ತೆಯದಾದರೆ ಏನೂ ಇಲ್ಲ. ನಮ್ಮ ಅಜ್ಜನಂತೂ ರೂಪಾಯಿ ಎಂದರೆ ಸಾಕು, "ಹಾಲಿನೋ, ಕಲ್ದಾರೋ?" ಎನ್ನುತ್ತಿದ್ದ. ಹಾಲಿ ನಿಜಾಮನದು, ಕಲ್ದಾರ ಬ್ರಿಟಿಷರದು. ಹುಟ್ಟೂರು ಕೇಳದೆ ರೂಪಾಯಿಯನ್ನು ಮನೆಯೊಳಗೆ ಬಿಟ್ಟುಕೊಳ್ಳದ ವಂಶ ನಮ್ಮದು.

ಕಿರಾಣಿ ಅಂಗಡಿಯವರು ಹಳೆ ಪೇಪರಿನಲ್ಲಿ ಸುತ್ತಿಟ್ಟ ನಾಣ್ಯದ ಸುರುಳಿಗಳನ್ನು ನೋಟು ಕೊಟ್ಟು ತರುತ್ತಿದ್ದೆ. ಬಿಚ್ಚಿ, ಹುಡುಕಿ, ಮತ್ತೆ ಸುತ್ತಿ ಮರಳಿಸುತ್ತಿದ್ದೆ. "ಅಕ್ಕಿ ಆರಸ್ರಿ ಅಂದ್ರ ಕಣ್ಣ ಕಾಣಂಗಿಲ್ಲ ಅಂತೀರಿ, ಇದಕ್ಕ ಹ್ಯಾಂಗ ಕಾಣ್ತಾವ?" ಎಂದು ಹೆಂಡತಿ ಕೇಳುತ್ತಿದ್ದಳು. ಹೀಗೆ ಇಸವಿಗೊಂದರಂತೆ ನಕ್ಷತ್ರದ ರೂಪಾಯಿಗಳೆಲ್ಲ ಕೂಡಿಬಂದವು, ಒಂದೇ ಒಂದು ಇಸವಿಯದು ಬಿಟ್ಟು.

ಅದು ಕಣ್ಣಿಗೆ ಬಿದ್ದದ್ದು ಭೂಸನೂರಿನ ಮದುವೆಯಲ್ಲಿ. ನನ್ನ ರೂಪಾಯಿಯನ್ನು ಪೆಟ್ಟಿಗೆಗೆ ಹಾಕಿ, ಅದನ್ನು ಕಿಸೆಗಿಳಿಸಿದೆ. ಒಂದಕ್ಕೆ ಒಂದು, ಪಾಪವೇನು ಬಂತು? ಆದರೆ ಹಿಂದೆ ನಿಂತಿದ್ದವರು ಮದುಮಗಳ ಕಾಕಾ ಭೀಮಣ್ಣ, ಅಫಜಲಪುರ ಬಸ್ಸಿನ ಕಂಡಕ್ಟರ್. ಚಿಲ್ಲರೆಯ ಮೇಲೆ ಕಣ್ಣಿಡುವುದೇ ಅವರ ಉದ್ಯೋಗ.

"ಮಾಸ್ತರ್, ಕಿಸೆದಾಗ ಏನ್ ಹಾಕ್ಕೊಂಡ್ರಿ?"

"ಅದಲಾಬದಲಿ ಮಾಡೀನ್ರಿ."

"ರೂಪಾಯಿ ಕೊಟ್ಟು ರೂಪಾಯಿ ತಗೊಳ್ಳೋ ಶಾಣ್ಯಾರು ಎಲ್ಲ್ಯರ ಇರ್ತಾರೇನ್ರಿ?"

ಜನ ಸೇರಿದರು. ಪೆಟ್ಟಿಗೆ ಸುರಿದು ಎಣಿಸಿದರು. ಹಣ ಸರಿಯಿತ್ತು, ಜನರ ನೋಟ ಮಾತ್ರ ಸರಿಹೋಗಲಿಲ್ಲ. ಹತ್ತು ಹಳ್ಳಿಗಳ ಹೆಸರು ಒಂದು ರೂಪಾಯಿಗೆ ಮಣ್ಣುಪಾಲಾಗುತ್ತಿತ್ತು. ನನಗೆ ಅಳುವುದೊಂದೇ ಬಾಕಿ. ನಾಣ್ಯ ಹೊರತೆಗೆದು ನಕ್ಷತ್ರದ ಪುರಾಣವನ್ನೆಲ್ಲ ಬಿಚ್ಚಿದೆ: ಎಷ್ಟು ಅಪರೂಪ, ಎಷ್ಟು ವರ್ಷ ಹುಡುಕಿದೆ. ಕೊನೆಗೆ ಮದುಮಗಳೇ ಬಗ್ಗಿ ನೋಡಿ, "ಖರೇ ಅದ ಕಾಕಾ, ಚಿಕ್ಕಿ ಅದ" ಎಂದಳು.

ಭೀಮಣ್ಣ ಕೈಮುಗಿದರು. "ತಪ್ಪಾತ್ರಿ ಮಾಸ್ತರ್." ಹೋದ ಮಾನ ಬಂದಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮಾತು ಬಂತು: "ಇಷ್ಟ್ ಅಪರೂಪದ್ದು ಅಂದಮ್ಯಾಲ ನಮ್ಮ ಹುಡುಗಿ ಕಡೇನೇ ಇರ್ಲಿ. ನಿಮ್ಮ ರೂಪಾಯಿ ನೀವ್ ತಗೋರಿ."

ಕಳ್ಳನಲ್ಲ ಎಂದು ತೋರಿಸಲು ಅದರ ಬೆಲೆ ಹೇಳಲೇಬೇಕಿತ್ತು. ಬೆಲೆ ತಿಳಿದ ಮೇಲೆ ಯಾರು ಬಿಡುತ್ತಾರೆ? ಬಹಳ ಸಂಕಟವಾಯಿತು. ಹೋಳಿಗೆಯೂ ರುಚಿಸಲಿಲ್ಲ.

ತಿಂಗಳ ನಂತರ ಅಫಜಲಪುರದ ಬಸ್ಸು ಹತ್ತಿದೆ. ಭೀಮಣ್ಣನವರೇ ಕಂಡಕ್ಟರ್. ಚಿಲ್ಲರೆ ಕೊಡುವ ಮೊದಲು ಒಂದೊಂದು ರೂಪಾಯಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಟಿಕೆಟ್ಟು ಮುಗಿದ ಮೇಲೆ ಬಂದು ಪಕ್ಕದಲ್ಲಿ ಕೂತು, ಚಿಲ್ಲರೆಯ ಚೀಲವನ್ನು ನನ್ನ ತೊಡೆಯ ಮೇಲೆ ಸುರಿದರು. ಊರು ಮುಟ್ಟುವವರೆಗೆ ಇಬ್ಬರೂ ಹುಡುಕಿದೆವು. ಆ ಇಸವಿಯದು ಸಿಗಲಿಲ್ಲ.

"ನಾಳಿಗಿ ಬ್ಯಾರೆ ಚಿಲ್ಲರೆ ಬರ್ತದ್ರಿ ಮಾಸ್ತರ್," ಎಂದರು, ನಾನು ಇಳಿಯುವಾಗ.

ಮರುದಿನ ನನಗೆ ಅಫಜಲಪುರದಲ್ಲಿ ಯಾವ ಕೆಲಸವೂ ಇರಲಿಲ್ಲ. ಹೋದೆ.