ಕೋದಂಡಪ್ಪನ ಹುಬ್ಬಿನ ಗಾಯ

ಉರಿಗಾಂನ ಇಂದ್ರಾಣಿ ಸತ್ತವರ ಮುಖಗಳನ್ನು ಕರಿಕಲ್ಲಿನ ಮೇಲೆ ಮೂಡಿಸುವವಳು. ಮದುವೆಗೆ ಮುಂಚೆ ಬಂಗಾರಪೇಟೆಯ ಸ್ಟುಡಿಯೋದಲ್ಲಿ ಫೋಟೋಗಳ ಕಲೆ ಅಳಿಸುತ್ತಾ ಕೈ ಪಳಗಿಸಿಕೊಂಡಿದ್ದಳು. ಎಲ್ಲರ ಕೈಗೂ ಫೋನು ಬಂದು ಆ ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಕಲ್ಲಿನ ಮೇಲೆ ಸೂಜಿಯಿಂದ ಚಿತ್ರ ಕುಟ್ಟುವ ಈ ಮೆಷೀನು ಹಿಡಿದಳು. ಮೆಷೀನು ಹಳೇದು, ಅದರ ಹಟವೂ ಹಳೇದು. ಈಗಿನ ಫೋನಿನ ಫೋಟೋ ಕೊಟ್ಟರೆ ಗುರುತೇ ಹಿಡಿಯುವುದಿಲ್ಲ. ಬಣ್ಣವೆಲ್ಲ ಕಳೆದು, ಬರೀ ಕಪ್ಪುಬಿಳುಪಿನ ಚುಕ್ಕೆಗಳಾಗಿ ಒಡೆದು, ಬಿಎಂಪಿ ಅನ್ನುವ ಹಿಂದಿನ ಕಾಲದ ಫೈಲು ಮಾಡಿಕೊಟ್ಟರೆ ಮಾತ್ರ ಅದರ ಸೂಜಿ ಅಲ್ಲಾಡುತ್ತದೆ. ಸೂಜಿ ಕುಟ್ಟಿದ ಕಡೆ ಬಿಳುಪು, ಬಿಟ್ಟ ಕಡೆ ಕಪ್ಪು. ಕುಟ್ಟಿದ್ದನ್ನು ಅಳಿಸುವ ಮಾತೇ ಇಲ್ಲ.

ಆವತ್ತು ಕಲ್ಲಿನ ಮೇಲಿದ್ದವನು ಗಣಿ ಕೆಲಸ ಮಾಡಿ ಮುದುಕನಾಗಿ ಸತ್ತ ಕೋದಂಡಪ್ಪ. ಮಾರನೇ ಬೆಳಗ್ಗೆ ವರ್ಷದ ತಿಥಿ, ಸಮಾಧಿಗೆ ಕಲ್ಲು ನಿಲ್ಲಿಸಬೇಕು. ಸೂಜಿ ನರೆಗೂದಲು ಮುಗಿಸಿ ಹಣೆಗೆ ಇಳಿಯುವುದರಲ್ಲಿತ್ತು. ಅಷ್ಟರಲ್ಲಿ ಅವನ ಹೆಂಡತಿ ಅಮ್ಮಾಜಮ್ಮ ಕ್ಯಾಸಂಬಳ್ಳಿ ಬಸ್ಸಿಳಿದು ಬಂದಳು. ಕಂಪ್ಯೂಟರಿನಲ್ಲಿದ್ದ ಚಿತ್ರಕ್ಕೆ ಬೆರಳು ತೋರಿದಳು.

“ಇದ್ಯಾರಮ್ಮ?”

“ನಿಮ್ಮೆಜಮಾನ್ರೇ ಅಜ್ಜಿ. ನೋಡಿ ಎಂಗವ್ರೆ, ಮದ್ಲಿಂಗನಂಗೆ!”

“ಉಬ್ಬಿನ ಮೇಲಿನ ಗಾಯ ಎಲ್ಲೋಯ್ತು?”

ಗಣಿಗೆ ಇಳಿದವರ ಮುಖದಲ್ಲಿ ಗಾಯದ ಗುರುತು ಇದ್ದದ್ದೇ. ಚುಕ್ಕೆ ಮಾಡಿದಾಗ ಅದು ಕಲ್ಲೇ ಬಿರುಕು ಬಿಟ್ಟಂತೆ ಕಾಣುತ್ತದೆಂದು ಮನೆಯವರು ಜಗಳಕ್ಕೆ ಬರುತ್ತಾರೆ. ಅದಕ್ಕೇ ಯಾರನ್ನೂ ಕೇಳದೆ ಅಳಿಸಿಬಿಡುವುದು ಇಂದ್ರಾಣಿಯ ರೂಢಿ.

“ಚಂದ ಕಾಣ್ಲಿ ಅಂತ ತೆಗೆದೆ ಅಜ್ಜಿ.”

“ಚಂದ ಯಾರಿಗಮ್ಮ ಬೇಕಿತ್ತು? ಗಣಿ ಒಳಗೆ ಬಂಡೆ ಚೂರು ಸಿಡಿದು ಸೀಳಿದ್ದು ಅದು. ಅವ್ನು ಬದುಕಿರೋಗಂಟ ಶನಿವಾರ ಶನಿವಾರ ಅದಕ್ಕೆ ಎಣ್ಣೆ ನೀವಿದೀನಿ. ನಾಳೆ ಯಾವೋನೋ ಗಂಡಸಿನ ಮುಂದೆ ಎಡೆ ಇಕ್ಕು ಅಂತೀಯಾ?”

ಇಂದ್ರಾಣಿ ಮೆಷೀನು ನಿಲ್ಲಿಸಿದಳು. ಒಂದು ಸಲ ನಿಂತರೆ ಅದು ಮತ್ತೆ ನೆತ್ತಿಯಿಂದಲೇ ಶುರು ಮಾಡುತ್ತದೆ. ಸೂಜಿ ಹಳೇ ಗುಳಿಗಳಲ್ಲೇ ಬೀಳಬೇಕು. ಕೂದಲೆಳೆಯಷ್ಟು ಸರಿದರೂ ಕೋದಂಡಪ್ಪನಿಗೆ ಎರಡು ತಲೆ. ಬೇರೆ ಕಲ್ಲು ತರಿಸಲು ಹೊತ್ತಿಲ್ಲ.

“ಅಜ್ಜಿ, ಆ ಮೇಜಿಗೆ ಒರಗ್ಬೇಡಿ. ಕಲ್ಲು ಮುಟ್ಟಲೂಬೇಡಿ.”

ಫೋನಿನಿಂದ ಬಂದಿದ್ದ ಮೂಲ ಫೋಟೋ ತೆಗೆದು ಗಾಯವೊಂದನ್ನೇ ಅದರ ಜಾಗದಲ್ಲಿ ತಂದು ಕೂರಿಸಿದಳು. ಉಳಿದದ್ದೆಲ್ಲ ಮೊದಲಿನಂತೇ, ಅಳತೆಯೂ ಅದೇ. ಫೈಲು ಕೊಟ್ಟರೆ ಮೆಷೀನಿನ ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ಬಣ್ಣ ಕಳೆಯುವುದನ್ನೇ ಮರೆತಿದ್ದಳು. ಬಣ್ಣ ಕಳೆದು, ಚುಕ್ಕೆಗಳಾಗಿ ಒಡೆದು ಮತ್ತೆ ಕೊಟ್ಟಳು. ದೀಪ ಹಸಿರಾಯಿತು.

ಹಳೇ ಗುಳಿಗೆ ಬಿದ್ದರೆ ಸೂಜಿಯ ಸದ್ದು ಮೆತ್ತಗೆ. ಹೊಸ ಕಲ್ಲಿಗೆ ಬಿದ್ದರೆ ಟಣ್ಣೆನ್ನುತ್ತದೆ. ಇಂದ್ರಾಣಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ಟೊಪ್, ಟೊಪ್, ಟೊಪ್. ನಡುವೆ ಒಮ್ಮೆ ಟಣ್ ಎಂದಿತು. ಅವಳ ಕೈ ಸ್ವಿಚ್ಚಿಗೆ ಹೋಯಿತು. ಮತ್ತೆ ಟೊಪ್, ಟೊಪ್.

“ಏನಾಯ್ತಮ್ಮ?”

“ಮಾತಾಡ್ಬೇಡಿ ಅಜ್ಜಿ, ನಿಮ್ಮ ದಮ್ಮಯ್ಯ.”

ಕೂದಲು ಮುಗಿಯಿತು. ಸೂಜಿ ಟಣ್ ಟಣ್ ಎನ್ನುತ್ತಾ ಹಣೆಯ ಹೊಸ ಕಲ್ಲಿಗೆ ಇಳಿಯಿತು. ಹುಬ್ಬಿನ ಹತ್ತಿರ ಪ್ರತಿ ಸಾಲಿನಲ್ಲೂ ಒಂದು ಕಡೆ ಸದ್ದು ಮಾಡದೆ ದಾಟಿತು. ಅಲ್ಲಿ ಸಣ್ಣದೊಂದು ಕರಿಗೀಟು ಓರೆಯಾಗಿ ಉಳಿಯಿತು.

ಅಮ್ಮಾಜಮ್ಮ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡೇ ಬಗ್ಗಿ ನೋಡಿದಳು.

“ಈಗ ಬಂದ ನೋಡು ನಮ್ಮನೆಯೋನು,” ಎಂದವಳು ಸೆರಗಿನಿಂದ ಬಸ್ಸಿನ ಧೂಳು ಒರೆಸಿಕೊಂಡಳು. “ನೀರೆಲ್ಲಿಟ್ಟಿದ್ದೀಯಮ್ಮ? ಕಲ್ಲಲ್ಲಿ ಅವ್ನ ಕಣ್ಣು ಮೂಡೋದ್ರೊಳಗೆ ಮೊಕ ತೊಳ್ಕೊಂಡು ಬತ್ತೀನಿ.”