ಕೆಂಪು ದಾರದ ಕೋಟು

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಇರುವುದು ಷಡ್ಡಕನ ಕಾಯಿಲೆ. ನನ್ನ ತಂಗಿಯ ಗಂಡನ ಸುದ್ದಿ ಬಂದರೆ ಸಾಕು, ಬಾಯಲ್ಲಿದ್ದ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಎಪ್ಪತ್ತು ದಾಟಿದರೂ ಆತನಿಗೆ ತಲೆತುಂಬ ಕೂದಲು, ಹೊಟ್ಟೆ ಇನ್ನೂ ಒಳಗೇ ಇದೆ. ಇವರದು ಬೋಳುತಲೆ, ಹೊಟ್ಟೆ ಮಾತ್ರ ಎಲ್ಲರಿಗಿಂತ ಮುಂದೆ.

ಒಂದು ಕಾಲದಲ್ಲಿ ಇವರೇನು ಕಡಿಮೆ ಇರಲಿಲ್ಲ. ಇಬ್ಬರೂ ಒಂದೇ ಬಟ್ಟೆ ಗಿರಣಿಯಲ್ಲಿದ್ದರು. ಮುಷ್ಕರದ ವರ್ಷ ಇವರು ಬೆಲ್‌ಬಾಟಮ್ ಪ್ಯಾಂಟು, ಅಂಗೈಯಗಲ ಕಾಲರಿನ ನಾಲ್ಕು ಜೇಬಿನ ಹಸಿರು ಕೋಟು ಹಾಕಿ ಗೇಟಿನ ಮುಂದೆ ಭಾಷಣಕ್ಕೆ ನಿಂತರೆ, ನೂಲು ಖಾತೆಯ ಹುಡುಗಿಯರು ಮನೆಗೆ ಹೋಗುವುದನ್ನೇ ಮರೆಯುತ್ತಿದ್ದರು. ಹೊಸದಾಗಿ ಮದುವೆಯಾದ ನನಗೆ ಹೊಟ್ಟೆ ಉರಿದುಹೋಗುತ್ತಿತ್ತು. ಷಡ್ಡಕ ಆಗ ಎಣ್ಣೆ ಹಚ್ಚಿ ಬೈತಲೆ ತೆಗೆದುಕೊಂಡು, ಹಿಂದಿನ ಗೇಟಿನಿಂದ ಸದ್ದಿಲ್ಲದೆ ಕೆಲಸಕ್ಕೆ ಹೋಗುತ್ತಿದ್ದ.

ಒಂದು ದಿನ ಇವರ ಎಡಭುಜಕ್ಕೆ ಲಾಠಿ ಬಿತ್ತು. ಕೋಟೂ ಹರಿಯಿತು. ಮನೆಯಲ್ಲಿ ಹಸಿರು ದಾರವಿರಲಿಲ್ಲ, ಕೆಂಪು ದಾರದಲ್ಲೇ ತೇಪೆ ಹಾಕಿದೆ. ಮೂಳೆಯೂ ನನ್ನ ಹೊಲಿಗೆಯಂತೆಯೇ ಸೊಟ್ಟಗೆ ಕೂಡಿತು. ಆ ಕೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇವತ್ತಿಗೂ ಅಂಗಿ ತೊಡುವಾಗ ಎಡತೋಳನ್ನು ನಾನೇ ತೂರಿಸಬೇಕು.

ಈಗ ತಂಗಿಯ ಮಗ ಗಂಡಸರ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಮತ್ತೆ ಅದೇ ಫ್ಯಾಷನ್ನಂತೆ: ಅಗಲ ಕಾಲರು, ಬೆಲ್‌ಬಾಟಮ್, ಹೋರಾಟಗಾರರ ಕೋಟು. ಒಂದು ಸಂಜೆ ಮನೆಗೆ ಬಂದ.

“ದೊಡ್ಡಪ್ಪ, ನಿಮ್ಮ ಆ ಹಳೇ ಕೋಟು ಕೊಡ್ತೀರಾ? ಅಂಗಡಿ ಪೋಸ್ಟರಿಗೆ ಬೇಕಿತ್ತು.”

ಇವರ ಮುಖ ಅರಳಿತು. “ಅದಕ್ಕೇನಂತೆ! ಫೋಟೋಗೆ ಯಾವತ್ತು ಬರ್ಲಿ?”

ಅವನು ತಲೆ ಕೆರೆದುಕೊಂಡ. “ನೀವಲ್ಲ ದೊಡ್ಡಪ್ಪ... ಅಪ್ಪ ಹಾಕ್ಕೋತಾರೆ. ಅವರ ಮೈಗೆ ಸರಿಯಾಗಿ ಕೂರತ್ತೆ.”

ಇವರು ಎದ್ದು ಹಿತ್ತಲಿಗೆ ಹೋದರು. ತಂಗಿಯ ಮಗನಲ್ಲವೇ, ಇಲ್ಲವೆನ್ನುವುದು ಹೇಗೆಂದು ನಾನೇ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಎರಡು ದಿನ ಇವರು ತೋಳು ತೂರಿಸಲು ನನ್ನನ್ನು ಕರೆಯದೆ, ಅಂಗಿಯಿಲ್ಲದೆ ಬರೀ ಪಂಚೆಯಲ್ಲೇ ಓಡಾಡಿದರು.

ಅಂಗಡಿ ತೆರೆದ ದಿನ ಹೋಗಿ ನೋಡುತ್ತೇನೆ, ಸಾಲಾಗಿ ಹಸಿರು ಕೋಟುಗಳು. ಪ್ರತಿಯೊಂದರ ಎಡಭುಜದಲ್ಲೂ ನನ್ನ ಕೆಂಪು ತೇಪೆ, ಸೊಟ್ಟ ಹೊಲಿಗೆ ಸಮೇತ!

“ಅದು ಕ್ರಾಂತಿಯ ಗುರುತು,” ಎಂದು ನನ್ನ ತಂಗಿ ಬಂದವರಿಗೆಲ್ಲ ವಿವರಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಬಾರದವಳು! ಇವರ ಕಾಯಿಲೆ ಅಂಟುರೋಗವೆಂದು ನನಗೆ ಆಗಲೇ ಗೊತ್ತಾಗಿದ್ದು.

ಯಾರೋ ಷಡ್ಡಕನನ್ನು ಕೇಳಿದರು, “ಭುಜದ ಮೇಲೆ ಇದೇನು ಸಾರ್?”

“ಲಾಠಿ ಏಟು ಕಣಪ್ಪಾ,” ಎಂದ ಆತ, ಕೂದಲು ಹಿಂದಕ್ಕೆ ತಳ್ಳಿಕೊಳ್ಳುತ್ತ. “ಆ ಕಾಲವೇ ಹಾಗಿತ್ತು.”

ನನಗೆ ಮೈಯೆಲ್ಲ ಉರಿಯಿತು. ಇವರನ್ನು ಮೊಣಕೈಯಿಂದ ತಿವಿದೆ. “ಹೋಗಿ ಹೇಳ್ರೀ, ಏಟು ತಿಂದೋನು ನಾನು ಅಂತ!”

ಇವರಿಗೆ ಕೇಳಿಸಲೇ ಇಲ್ಲ. ಗೋಡೆಯಷ್ಟೆತ್ತರದ ಪೋಸ್ಟರ್ ನೋಡುತ್ತ ನಿಂತಿದ್ದರು. ಅದರಲ್ಲಿ ಷಡ್ಡಕ ಇವರ ಕೋಟು ತೊಟ್ಟು, ಎಡಗೈ ಮುಷ್ಟಿಯನ್ನು ತಲೆಗಿಂತ ಮೇಲಕ್ಕೆತ್ತಿ ನಿಂತಿದ್ದ.

“ಏನು, ಕೂದಲು ನೋಡ್ತಿದ್ದೀರಾ?” ಎಂದೆ.

“ಕೈ ನೋಡೇ,” ಎಂದರು. “ಎಷ್ಟು ಮೇಲೆ ಹೋಗತ್ತೆ.”